ಅಳಿವು, ಕಣ್ಮರೆ, ನಿರ್ನಾಮ: ಯಾವ ಮಾತು ಎಲ್ಲಿಗೆ?

ವಿಜಯನಗರದಲ್ಲಿ ನಮ್ಮ ಮನೆ ಪಕ್ಕದ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿರ ಒಂದು ಕೆಂಪು ಸಿಲಿಂಡರ್ ನೇತುಹಾಕಿದ್ದಾರೆ. ಅದರ ಮೇಲೊಂದು ಕನ್ನಡ ಫಲಕ: 'ಬೆಂಕಿ ಅಳಿವು ಸಾಧನ'. ಓದಿದಾಗಲೆಲ್ಲ ನಗು ಬರುತ್ತದೆ. ಡೋಡೋ ಹಕ್ಕಿ ಹೋದ ಹಾಗೆ ಬೆಂಕಿಯೂ ಭೂಮಿ ಬಿಟ್ಟು ಹೋಯಿತೇನೋ, ಇನ್ನು ಮೇಲೆ ಒಲೆ ಹೊತ್ತಿಸೋದು ಹೇಗಪ್ಪಾ ಅಂತ.

ಅದೇ ವಾರ ಅಣ್ಣನ ಮಗಳು ಒಂದು ಚಾರ್ಟ್ ಹಿಡಿದುಕೊಂಡು ಬಂದಳು. ಒಂಬತ್ತನೇ ಕ್ಲಾಸು. 'ಎಕ್ಸ್‌ಟಿಂಕ್ಷನ್' ಅನ್ನುವ ಒಂದು ಇಂಗ್ಲಿಷ್ ಪದ ಯಾವ ಯಾವ ವಿಷಯದಲ್ಲಿ ಬರುತ್ತದೆ ಅಂತ ಹುಡುಕಿ ಕನ್ನಡದಲ್ಲಿ ಬರೆಯಬೇಕಂತೆ. ಹುಡುಗಿ ಚೆನ್ನಾಗಿಯೇ ಹುಡುಕಿದ್ದಳು. ಡೈನೋಸಾರ್, ಚೀತಾ, ಗುಬ್ಬಚ್ಚಿ, ಸಂಪಂಗಿ ಕೆರೆ, ಸಿಡುಬು, ಕಿಲಿಮಂಜಾರೋ, ಹಳೆಗನ್ನಡ. ಎಲ್ಲದರ ಮುಂದೆಯೂ ಒಂದೇ ಮಾತು: ಅಳಿದುಹೋಗಿದೆ, ಅಳಿದುಹೋಗಿದೆ, ಅಳಿದುಹೋಗಿದೆ.

"ಫೋನಲ್ಲಿ ಹಾಕಿದರೆ ಹಾಗೇ ಬಂತು ಅತ್ತೆ" ಅಂದಳು.

ಅವರಪ್ಪ ಸೋಫಾದಿಂದಲೇ, "ಬಿಡೇ, ಅಳಿಯ ಅಲ್ಲ ಮಗಳ ಗಂಡ. ಯಾವ ಮಾತಾದರೇನು?" ಅಂದ.

ನಾನು ಬೋರ್ಡು, ಫಾರಂ, ಕರಪತ್ರ ಅಂತ ಕನ್ನಡಕ್ಕೆ ಅನುವಾದ ಮಾಡಿಕೊಂಡು ಹೊಟ್ಟೆ ಹೊರೆಯುವವಳು. ಯಾವ ಮಾತಾದರೇನು ಅಂದರೆ ನನಗೆ ಮೈ ಉರಿಯುತ್ತದೆ. ಆ ಚಾರ್ಟಿನ ಏಳು ಸಾಲಿಗೆ ಏಳು ಬೇರೆ ಮಾತು ಬೇಕಿತ್ತು. ಆ ದಿನ ಕೂತು ಸರಿ ಮಾಡಿದ್ದನ್ನೇ ಇಲ್ಲಿ ಕೊಂಚ ಹಿಗ್ಗಿಸಿ ಬರೆದಿದ್ದೇನೆ. ಬರೆಯುವವರಿಗೆ, ಪಾಠ ಮಾಡುವವರಿಗೆ, ಬೋರ್ಡು ಬರೆಸುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಮೂರು ಪ್ರಶ್ನೆ

ಇಂಗ್ಲಿಷ್ ಪದ ಹುಟ್ಟಿದ್ದು ಲ್ಯಾಟಿನ್ನಿನಿಂದ. ಅಲ್ಲಿ ಅದರ ಮೂಲ ಅರ್ಥ ಉರಿಯುವುದನ್ನು ಆರಿಸುವುದು. ಬೆಂಕಿಗೆ ಹೇಳುತ್ತಿದ್ದ ಮಾತು ಆಮೇಲೆ ವಂಶಕ್ಕೆ, ಸಾಲಕ್ಕೆ, ಪ್ರಾಣಿಗೆ ಎಲ್ಲಕ್ಕೂ ಹರಡಿಕೊಂಡಿತು. ಕನ್ನಡದಲ್ಲಿ ಹಾಗಾಗಲಿಲ್ಲ. ದೀಪಕ್ಕೊಂದು, ಕೆರೆಗೊಂದು, ಸಾಲಕ್ಕೊಂದು, ಕುಲಕ್ಕೊಂದು ಮಾತು ಮೊದಲಿಂದಲೂ ಇದ್ದವು. ಹಾಗಾಗಿ ಇಂಗ್ಲಿಷಿನ ಒಂದು ಪದ ಎದುರಾದಾಗ ನಾವು ಆರಿಸಿಕೊಳ್ಳಬೇಕಾಗುತ್ತದೆ.

ನಾನು ಕೇಳಿಕೊಳ್ಳುವುದು ಮೂರೇ ಪ್ರಶ್ನೆ. ಹೋದದ್ದು ಮತ್ತೆ ಬರುತ್ತಾ? ಎಲ್ಲ ಕಡೆಯಿಂದ ಹೋಯಿತಾ, ಇಲ್ಲಿಂದ ಮಾತ್ರಾನಾ? ತಾನಾಗಿ ಹೋಯಿತಾ, ಯಾರಾದರೂ ಕಳೆದರಾ? ಇವುಗಳಲ್ಲಿ ಮೊದಲನೆಯದೇ ಮುಖ್ಯ. ಅದೊಂದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಅವಸರದಲ್ಲಿರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಒಂದು ಜಾತಿಯ ಜೀವಿ ಪೂರ್ತಿ ಹೋಗಿದ್ದರೆ 'ಅಳಿವು'. ಒಂದು ಜಾಗದಿಂದ ಮಾತ್ರ ಹೋಗಿದ್ದರೆ, ಇಲ್ಲವೇ ಹೋಗಿದೆಯೋ ಇಲ್ಲವೋ ಖಾತ್ರಿ ಇಲ್ಲದಿದ್ದರೆ 'ಕಣ್ಮರೆ'. ಮನುಷ್ಯ ಕೈಯಾರೆ ಕೆಡಿಸಿದ್ದರೆ 'ನಾಶ'. ರೋಗವನ್ನು ಬೇರು ಸಮೇತ ಕಿತ್ತಿದ್ದರೆ 'ನಿರ್ಮೂಲನೆ'. ಬೆಂಕಿ, ದೀಪ, ಜ್ವಾಲಾಮುಖಿಗೆ 'ಆರು' ಅಥವಾ 'ನಂದು'. ಕೆರೆಗೆ 'ಬತ್ತು', 'ಮುಚ್ಚು'. ಸಾಲಕ್ಕೆ 'ತೀರು'. ಬೆಳಕಿಗೆ 'ಕುಂದು'. 'ನಿರ್ನಾಮ' ಮಾತ್ರ ತೀರಾ ಅಪರೂಪಕ್ಕೆ.

ಅಳಿವು ಮತ್ತು ಕಣ್ಮರೆ

ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಅಳಿವು ಅಂದರೆ ಕುಲಕ್ಕೆ ಕುಲವೇ ಮುಗಿದದ್ದು. ಒಂದು ಪ್ರಾಣಿ ಸಾಯುತ್ತದೆ, ಒಂದು ಜಾತಿ ಅಳಿಯುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಆದದ್ದೂ ಉಂಟು. ಅಮೆರಿಕದಲ್ಲಿ ಪ್ಯಾಸೆಂಜರ್ ಪಿಜನ್ ಅನ್ನುವ ಪಾರಿವಾಳ ಇತ್ತು. ಗುಂಪು ಹಾರಿದರೆ ಆಕಾಶವೇ ಮುಚ್ಚುವಷ್ಟು ಇದ್ದವಂತೆ. ಅವುಗಳಲ್ಲಿ ಕೊನೆಯದಾಗಿ ಉಳಿದ ಮಾರ್ಥಾ ಎಂಬ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಮಾರ್ಥಾ ಸತ್ತಿತು, ಪ್ಯಾಸೆಂಜರ್ ಪಿಜನ್ ಅಳಿಯಿತು. ಈ ಎರಡು ಕ್ರಿಯಾಪದಗಳನ್ನು ಅದಲುಬದಲು ಮಾಡಿ ನೋಡಿ, ಎರಡೂ ಕೆಡುತ್ತವೆ.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲೂ ಹೀಗೇ. 1964ರಿಂದ ನಡೆದುಬಂದಿರುವ ಈ ಪಟ್ಟಿಯಲ್ಲಿ ಒಂದು ಜೀವಿಯನ್ನು ಅಳಿದದ್ದು ಅಂತ ಬರೆಯಬೇಕಾದರೆ ಅದರ ಕೊನೆಯದೂ ಸತ್ತಿದೆ ಎನ್ನುವುದರಲ್ಲಿ ಅನುಮಾನಕ್ಕೆ ಎಡೆ ಇರಬಾರದು. ನಮ್ಮ ಕಣ್ಣಿಗೆ ಬೀಳಲಿಲ್ಲ ಅಂದ ಮಾತ್ರಕ್ಕೆ ಆಗಲಿಲ್ಲ. ಇರಬಹುದಾದ ಜಾಗದಲ್ಲಿ, ಇರಬಹುದಾದ ಹೊತ್ತಿನಲ್ಲಿ ಹುಡುಕಿರಬೇಕು.

ಹುಡುಕದೆ ಅಳಿವು ಅಂದುಬಿಟ್ಟರೆ ಆಮೇಲೆ ಮುಜುಗರವಾಗುತ್ತದೆ. ಜೆರ್ಡನ್ಸ್ ಕೋರ್ಸರ್ ಅಂತ ಒಂದು ಹಕ್ಕಿ. 1900ರ ನಂತರ ಯಾರಿಗೂ ಕಂಡಿರಲಿಲ್ಲ. ಮುಗಿದೇ ಹೋಯಿತು ಅಂದುಕೊಂಡಿದ್ದರು. 1986ರಲ್ಲಿ ಆಂಧ್ರದ ಕಡಪ ಸೀಮೆಯ ಕುರುಚಲು ಕಾಡಿನಲ್ಲಿ ಸಿಕ್ಕಿತು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ತಲುಪುವ ಊರು ಅದು! ಸೀಲಕ್ಯಾಂತ್ ಎಂಬ ಮೀನಿನದ್ದು ಇನ್ನೂ ದೊಡ್ಡ ಕತೆ. ಡೈನೋಸಾರ್‌ಗಳ ಜೊತೆಗೇ ಹೋಯಿತು ಅಂತ ತಿಳಿದಿದ್ದ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಬೆಸ್ತರ ಬಲೆಗೆ ಬಿತ್ತು. ಇಂಥವಕ್ಕೆಲ್ಲ ಸರಿಹೊಂದುವುದು ಕಣ್ಮರೆ. ಆ ಮಾತಿನೊಳಗೇ ಒಂದು ವಿನಯ ಇದೆ. ಕಣ್ಣಿಗೆ ಮರೆಯಾಗಿದೆ, ಅಷ್ಟೇ. ಇಲ್ಲ ಅಂತ ಹೇಳಲು ನಾವು ಯಾರು?

ಈಗ ಹುಡುಗಿಯ ಚಾರ್ಟಿನ ಚೀತಾ. ಮೊದಲೇ ಒಂದು ಮಾತು: ಚೀತಾ ಬೇರೆ, ಚಿರತೆ ಬೇರೆ. ಚಿರತೆ ನಮ್ಮ ತುರಹಳ್ಳಿ, ಬನ್ನೇರುಘಟ್ಟದ ಕಡೆ ಈಗಲೂ ಓಡಾಡಿಕೊಂಡಿದೆ. ಚೀತಾಕ್ಕೆ ಕನ್ನಡದಲ್ಲಿ ಸಿವಂಗಿ ಅನ್ನುವ ಚೆಂದದ ಹೆಸರಿದೆ, ಯಾಕೋ ಯಾರೂ ಬಳಸುವುದಿಲ್ಲ. 1947ರ ಹೊತ್ತಿಗೆ ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ ಮೂರು ಸಿವಂಗಿಗಳನ್ನು ಹೊಡೆದ. ಈ ದೇಶದ ಕೊನೆಯವು ಅವೇ ಎನ್ನುತ್ತಾರೆ. 1952ರಲ್ಲಿ ಸರ್ಕಾರವೇ ಇಲ್ಲ ಅಂತ ಘೋಷಿಸಿತು. ಆದರೆ ಆಫ್ರಿಕಾದಲ್ಲಿ ಇದ್ದವು, ಇರಾನಿನಲ್ಲೂ ಬೆರಳೆಣಿಕೆಯಷ್ಟು ಉಳಿದವು. ಅಂದಮೇಲೆ ಅಳಿವು ಅನ್ನುವುದು ಹೇಗೆ? 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಅವತ್ತು ಟೀವಿಯಲ್ಲಿ 'ಅಳಿದ ಚೀತಾ ಮರಳಿ ಬಂತು' ಎನ್ನುವ ಮಾತು ಕೇಳಿ ನಾನು ಕಾಫಿ ಲೋಟ ಕೆಳಗಿಟ್ಟೆ. ಅಳಿದದ್ದು ಮರಳುವುದಿಲ್ಲ. ಮರಳಿದರೆ ಅದು ಅಳಿದಿರಲಿಲ್ಲ. ಭಾರತದಿಂದ ಕಣ್ಮರೆಯಾಗಿತ್ತು ಅಂದರೆ ಮುಗಿಯಿತು. ವಿಜ್ಞಾನದ ಬರವಣಿಗೆಯಾದರೆ 'ಸ್ಥಳೀಯ ಅಳಿವು' ಅನ್ನಬಹುದು. ಆದರೆ ಆ 'ಸ್ಥಳೀಯ' ಎನ್ನುವುದನ್ನು ಜಾಗ ಸಾಲದು ಅಂತ ಶೀರ್ಷಿಕೆಯಿಂದ ಕಿತ್ತುಹಾಕಬಾರದು.

ಅಳಿದದ್ದನ್ನು ಮತ್ತೆ ತರುತ್ತೇವೆ ಎನ್ನುವವರೂ ಇದ್ದಾರಲ್ಲ ಅಂತ ನೀವು ಕೇಳಬಹುದು. ಸ್ಪೇನಿನಲ್ಲಿ ಬುಕಾರ್ಡೋ ಎಂಬ ಕಾಡುಮೇಕೆಯ ಕೊನೆಯ ಹೆಣ್ಣು 2000ದ ಜನವರಿಯಲ್ಲಿ ಸತ್ತಿತು. ಅದರ ಜೀವಕೋಶ ತೆಗೆದಿಟ್ಟಿದ್ದರು. 2003ರಲ್ಲಿ ತದ್ರೂಪಿ ಮರಿ ಹುಟ್ಟಿಸಿದರು. ಕೆಲವೇ ನಿಮಿಷಕ್ಕೆ ಶ್ವಾಸಕೋಶದ ತೊಂದರೆಯಿಂದ ಅದೂ ಹೋಯಿತು. ಎರಡು ಸಲ ಅಳಿದ ಜೀವಿ ಅಂತ ಅದನ್ನು ಕರೆಯುತ್ತಾರೆ. ನನ್ನ ಮೊದಲ ಪ್ರಶ್ನೆಗೆ ಸವಾಲು ಹಾಕಿದ್ದು ಈ ಮರಿ ಒಂದೇ. ಸದ್ಯಕ್ಕೆ ಪ್ರಶ್ನೆಯೇ ಗೆದ್ದಿದೆ.

ಇನ್ನು ಗುಬ್ಬಚ್ಚಿ. ಮಾರ್ಚ್ 20ರ ಗುಬ್ಬಚ್ಚಿ ದಿನ ಬಂತೆಂದರೆ 'ಅಳಿವಿನಂಚಿನಲ್ಲಿ ಗುಬ್ಬಚ್ಚಿ' ಅಂತ ಒಂದು ಸುದ್ದಿ ಗ್ಯಾರಂಟಿ. ಜಗತ್ತಿನ ಲೆಕ್ಕದಲ್ಲಿ ಗುಬ್ಬಚ್ಚಿಗೆ ಏನೂ ಆಗಿಲ್ಲ. ಕೆಂಪು ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಚಿಂತೆಯ ಮೆಟ್ಟಿಲಲ್ಲಿದೆ. ನಮ್ಮ ಬೀದಿಯಲ್ಲಿ ಇಲ್ಲ ಅನ್ನುವುದೂ ನಿಜ. ಹೆಂಚಿನ ಮನೆ ಹೋಯಿತು, ಗೋಡೆಯ ಸಂದು ಹೋಯಿತು, ಕೇರಿದ ಅಕ್ಕಿಯ ನುಚ್ಚು ಅಂಗಳಕ್ಕೆ ಬೀಳುವುದು ನಿಂತಿತು. ಅದಕ್ಕೆ 'ನಮ್ಮ ಬೀದಿಯಲ್ಲಿ ಗುಬ್ಬಚ್ಚಿ ಕಾಣುತ್ತಿಲ್ಲ' ಅಂತ ಬರೆದರೆ ಸಾಕು. ಅದೇ ಮನಸ್ಸಿಗೆ ಹೆಚ್ಚು ತಟ್ಟುತ್ತದೆ ಅನ್ನುವುದು ನನ್ನ ಲೆಕ್ಕ.

ಅಂಚು ಎಷ್ಟು ಅಗಲ?

'ಅಳಿವಿನಂಚು' ಒಳ್ಳೆಯ ಮಾತು. ಹಾಳು ಮಾಡಿದವರು ನಾವು. ಹುಲಿಗೂ ಅದೇ, ಆನೆಗೂ ಅದೇ, ಕಡಲೆಕಾಯಿ ಪರಿಷೆಗೂ ಅದೇ, ಕೊನೆಗೆ ಮಸಾಲೆ ದೋಸೆ ಹೋಟೆಲಿಗೂ ಅದೇ. ಕೆಂಪು ಪಟ್ಟಿಯಲ್ಲಿ ಅಳಿವಿಗೆ ಮುಂಚೆ ಹಲವು ಮೆಟ್ಟಿಲುಗಳಿವೆ. ಹುಲಿ ಮತ್ತು ಏಷ್ಯಾದ ಆನೆ 'ಅಪಾಯದಲ್ಲಿರುವ' ಮೆಟ್ಟಿಲಲ್ಲಿವೆ. ಕಾಟಿ, ಕರಡಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದಲ್ಲಿ, ಅಂದರೆ ಹುಷಾರಾಗಿರಬೇಕಾದ ಮೆಟ್ಟಿಲಲ್ಲಿ. ನಿಜವಾಗಿ ಅಂಚಿನಲ್ಲಿ ನಿಂತಿರುವುದು ಎರೆಭೂತ. ಕೆಲವರು ಹೆಬ್ಬಕ ಅನ್ನುತ್ತಾರೆ. ಬಳ್ಳಾರಿಯ ಸಿರುಗುಪ್ಪದ ಕಡೆ ಎರೆ ಹೊಲಗಳಲ್ಲಿ ಕಾಣುತ್ತಿದ್ದ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ರಣಹದ್ದುಗಳೂ ಹಾಗೇ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು ಅವು ಸತ್ತವು. 2006ರಲ್ಲಿ ದನಗಳಿಗೆ ಆ ಔಷಧ ನಿಷೇಧವಾಯಿತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉಳಿದ ಕೆಲವಕ್ಕಾಗಿ 2012ರಲ್ಲಿ ರಣಹದ್ದು ಧಾಮ ಮಾಡಿದರು.

ನನ್ನ ಸಲಹೆ ಇಷ್ಟು. ಅಂಚು ಅನ್ನುವ ಮಾತನ್ನು ಎರೆಭೂತ, ರಣಹದ್ದಿನಂಥವಕ್ಕೆ ಮೀಸಲಿಡಿ. ಹುಲಿ, ಆನೆಗೆ 'ಅಪಾಯದಲ್ಲಿದೆ' ಸಾಕು. ಎಲ್ಲರನ್ನೂ ಅಂಚಿಗೆ ತಂದು ನಿಲ್ಲಿಸಿದರೆ ನಿಜವಾಗಿ ಬೀಳುತ್ತಿರುವುದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಇನ್ನೊಂದು ಮೆಟ್ಟಿಲು ಇದೆ: ಕಾಡಿನಲ್ಲಿ ಇಲ್ಲ, ಮೃಗಾಲಯದಲ್ಲಿ ಮಾತ್ರ ಇದೆ. ಸಹಾರಾ ಅಂಚಿನ ಉದ್ದ ಕೊಂಬಿನ ಓರಿಕ್ಸ್ ಎಂಬ ಜಿಂಕೆಯಂಥ ಪ್ರಾಣಿ ಹೀಗಿತ್ತು. 2000ದಲ್ಲಿ ಕಾಡಿನಲ್ಲಿ ಅಳಿದಿದೆ ಅಂತ ಬರೆದರು. ಸಾಕಿದ್ದವನ್ನು 2016ರಿಂದ ಚಾಡ್ ದೇಶದಲ್ಲಿ ಬಿಟ್ಟರು. ಮರಿಗಳಾದವು. 2023ರಲ್ಲಿ ಮೆಟ್ಟಿಲು ಬದಲಾಯಿತು. ಇದಕ್ಕೆ 'ಕಾಡಿನಲ್ಲಿ ಇಲ್ಲವಾದ' ಅನ್ನುವುದು ನನಗೆ ಇಷ್ಟ. 'ಅಳಿದ' ಅಂತ ಪೂರ್ತಿ ಬಾಗಿಲು ಹಾಕುವುದಕ್ಕಿಂತ ಇದು ವಾಸಿ.

ನಾಶ, ವಿನಾಶ, ಪ್ರಳಯ

ಅಳಿವು ತಾನಾಗಿ ಆಗುತ್ತದೆ, ಆಗುತ್ತದೆ ಅಂತಾದರೂ ಕೇಳಿಸುತ್ತದೆ. ನಾಶದ ಹಿಂದೆ ಒಂದು ಕೈ ಇರುತ್ತದೆ. 'ಮಾರಿಷಸ್‌ನ ಡೋಡೋ ಅಳಿಯಿತು' ಎಂದರೆ ಅದರ ಹಣೆಬರಹ ಅನ್ನಿಸುತ್ತದೆ. ಹಡಗಿನಲ್ಲಿ ಬಂದವರು ಕೊಂದು ತಿಂದದ್ದು, ಅವರ ಹಂದಿ, ಇಲಿಗಳು ಮೊಟ್ಟೆ ಮುಗಿಸಿದ್ದು ಮರೆಗೆ ಹೋಗುತ್ತದೆ. 1662ರ ನಂತರ ಅದನ್ನು ಕಂಡವರ ನಂಬುವಂಥ ದಾಖಲೆ ಇಲ್ಲ. ಹಾಗಾಗಿ ಯಾರು ಮಾಡಿದರು ಎನ್ನುವುದು ಮುಖ್ಯವಾದಾಗ ನಾಶ ಅನ್ನಿ. ಆದರೆ ಒಂದೇ ಒಂದು ಮರ ಕಡಿದದ್ದಕ್ಕೆ 'ಸರ್ವನಾಶ' ಬೇಡ.

ಭೂಮಿಯ ಚರಿತ್ರೆಯಲ್ಲಿ ಐದು ಸಲ ರಾಶಿ ರಾಶಿ ಜೀವಿಗಳು ಒಟ್ಟಿಗೆ ಹೋದವು. ಇವಕ್ಕೆ 'ಸಾಮೂಹಿಕ ವಿನಾಶ' ಅಂತ ಬರೆಯುವವರಿದ್ದಾರೆ. ಆ ಮಾತನ್ನು ಅಣುಬಾಂಬ್ ಸುದ್ದಿಯವರು ಆಗಲೇ ತೆಗೆದುಕೊಂಡಾಗಿದೆ. 'ಮಹಾ ಅಳಿವು' ಅಂದರೆ ಗೊಂದಲ ಇಲ್ಲ. ಐದರಲ್ಲಿ ದೊಡ್ಡದು ಸುಮಾರು 25 ಕೋಟಿ ವರ್ಷದ ಹಿಂದಿನದು, ಪರ್ಮಿಯನ್ ಯುಗದ ಕೊನೆಗೆ ಆದದ್ದು. ಎಲ್ಲರಿಗೂ ಗೊತ್ತಿರುವುದು 6.6 ಕೋಟಿ ವರ್ಷದ ಹಿಂದಿನದು, ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಆಕಾಶದಿಂದ ಬಂಡೆ ಬಿದ್ದದ್ದು. ಆ ಹೊತ್ತಿಗೇ ನಮ್ಮ ದಖ್ಖನಿನಲ್ಲಿ ಲಾವಾ ಉಕ್ಕಿ ಹರಿಯುತ್ತಿತ್ತು. ಬೆಳಗಾವಿ, ವಿಜಯಪುರ, ಕಲಬುರಗಿಯ ಕಪ್ಪು ಕಲ್ಲು ಆ ಲಾವಾದ್ದೇ. ಅದು ಸವೆದು ಆದದ್ದೇ ಅಲ್ಲಿನ ಎರೆಮಣ್ಣು. ಜೋಳದ ರೊಟ್ಟಿ ಮುರಿಯುವಾಗ ಒಮ್ಮೆ ನೆನೆಸಿಕೊಳ್ಳಿ.

'ಪ್ರಳಯ' ಮಾತ್ರ ಬೇಡ. ಪುರಾಣದ ಪ್ರಳಯದ ನಂತರ ಮತ್ತೆ ಸೃಷ್ಟಿ ಶುರುವಾಗುತ್ತದೆ, ಎಲ್ಲ ಹೊಸದಾಗಿ ಬರುತ್ತದೆ. ಡೈನೋಸಾರ್‌ಗೆ ಆ ಅವಕಾಶ ಸಿಗಲಿಲ್ಲ. ಹಾಗಂತ ಅವುಗಳ ಕುಲ ಪೂರ್ತಿ ಹೋಯಿತು ಅನ್ನುವುದೂ ತಪ್ಪು. ಒಂದು ಕವಲು ಉಳಿದು ಹಕ್ಕಿಗಳಾಯಿತು. ಕಿಟಕಿಯಲ್ಲಿ ಕೂತ ಕಾಗೆ ನೋಡಿ. ಇಂಥದ್ದಕ್ಕೆ ಕನ್ನಡದಲ್ಲಿ 'ಅಳಿದುಳಿದ' ಎಂಬ ಮಾತಿದೆ. ಅಳಿದ ಮೇಲೆ ಉಳಿದದ್ದು. ನಾವು ಸುಮ್ನೆ ಅದನ್ನು ಅಳಿದುಳಿದ ಸಾರಿಗೆ, ಅಳಿದುಳಿದ ಸಾಮಾನಿಗೆ ಖರ್ಚು ಮಾಡುತ್ತಿದ್ದೇವೆ.

ನಿರ್ನಾಮ: ಹೆಸರೂ ಹೋಗಬೇಕು

ನಿರ್ನಾಮದೊಳಗೆ ನಾಮ ಇದೆ. ಹೆಸರೂ ಉಳಿಯದ ಹಾಗೆ ಹೋಗುವುದು. ಹಾಗೆ ನೋಡಿದರೆ ಡೋಡೋ ನಿರ್ನಾಮವಾಗಿಲ್ಲ, ಹೆಸರು ಗಟ್ಟಿಯಾಗಿಯೇ ಇದೆ.

ನಮ್ಮೂರಿನ ಕೆರೆಗಳನ್ನೇ ನೋಡಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಮೈದಾನ. ಬೆಂಗಳೂರಿನವರು ಆಟವಾಡಲು ನೀರಿಗೇ ಇಳಿದಿದ್ದೇವೆ ಅನ್ನಿ. ಇವನ್ನು ಅಳಿದವು ಅನ್ನಬಹುದೇ? ಕೆರೆ ಒಂದು ಜಾತಿಯಲ್ಲ. ಬತ್ತಿದವು ಅನ್ನೋಣವೇ? ಬತ್ತಿದ್ದು ಮಳೆ ಬಂದರೆ ತುಂಬುತ್ತದೆ. ಇವು ಬತ್ತಲಿಲ್ಲ, ನಾವು ಮುಚ್ಚಿದೆವು. 'ಮುಚ್ಚಿದರು' ಅಂತ ಬರೆಯುವುದೇ ನೇರ. 'ಕೆರೆ ಮಾಯವಾಯಿತು' ಅಂದರೆ ಮಾಯ ಮಾಡಿದವರು ಬಚಾವು.

ನಿರ್ನಾಮವಂತೂ ಅಲ್ಲವೇ ಅಲ್ಲ. ಮೆಜೆಸ್ಟಿಕ್ ಪಕ್ಕ ಟ್ಯಾಂಕ್ ಬಂಡ್ ರಸ್ತೆ ಇದೆ. ನೀರಿಲ್ಲದ ಊರಿನಲ್ಲಿ ಕೆರೆ ಏರಿ ಹೆಸರಿನಲ್ಲಿ ನಿಂತಿದೆ. ಸಂಪಂಗಿರಾಮನಗರ ಇದೆ. ಸಂಪಂಗಿ ಕೆರೆಯ ಒಂದು ಚಿಕ್ಕ ತುಣುಕನ್ನು ಕರಗದ ಪೂಜೆಗಾಗಿ ಉಳಿಸಿಕೊಂಡಿದ್ದಾರೆ. ಚಾರ್ಟಿನಲ್ಲಿ ಆ ಸಾಲನ್ನು ಹೀಗೆ ತಿದ್ದಿದೆವು: 'ಸಂಪಂಗಿ ಕೆರೆಯನ್ನು ಮುಚ್ಚಿದರು. ಹೆಸರು ಉಳಿಯಿತು.'

ವಂಶದ ಮಾತು ಬಂದಾಗ 'ನಿರ್ವಂಶ' ಅನ್ನುವುದಿದೆ. ಅದು ಬೈಗುಳ. ಚರಿತ್ರೆ ಪುಸ್ತಕದಲ್ಲಿ ಬಳಸಿದರೆ ಬರೆದವರೇ ಶಾಪ ಹಾಕಿದ ಹಾಗಿರುತ್ತದೆ. 'ವಂಶ ಕೊನೆಯಾಯಿತು' ಅಂತ ತಣ್ಣಗೆ ಬರೆಯಿರಿ. ಶಾಪ ಅಂದರೆ ನೆನಪಾಯಿತು. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಿಲ್ಲದೆ ಹೋಗಲಿ' ಅಂತ ಅಲಮೇಲಮ್ಮ ಹಾಕಿದಳು ಎನ್ನುವ ಶಾಪ ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಎರಡು ಊರು, ಒಂದು ವಂಶ, ಮೂರೂ ಹೋಗುವ ಮಾತು. ಅದರಲ್ಲಿ ನಾಶವೂ ಇಲ್ಲ, ವಿನಾಶವೂ ಇಲ್ಲ, ಅಳಿವೂ ಇಲ್ಲ. ಏನಾಗಲಿ ಅಂತ ಬಿಡಿಸಿ ಹೇಳಿದ್ದಾಳೆ. ಅನುವಾದಕರಿಗೆ ಅಲಮೇಲಮ್ಮನಿಗಿಂತ ಒಳ್ಳೆಯ ಗುರು ಬೇಕಿಲ್ಲ.

ಸಿಡುಬು

ಇದು ಸುಲಭ. 'ನಿರ್ಮೂಲನೆ'. ಮೂಲ ಅಂದರೆ ಬೇರು. ಜಗತ್ತಿನಿಂದ ಸಿಡುಬು ಹೋಗಿದೆ ಎಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಕಾಯಿಲೆ ಹೋಯಿತು, ಆದರೆ ವೈರಸ್ ಅಳಿದಿಲ್ಲ. ಅಮೆರಿಕ ಮತ್ತು ರಷ್ಯಾದ ಎರಡು ಪ್ರಯೋಗಾಲಯಗಳಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಪೋಲಿಯೋ ಭಾರತದಿಂದ ಹೋಗಿದೆ ಅಂತ ಪ್ರಮಾಣಪತ್ರ ಸಿಕ್ಕಿದ್ದು 2014ರಲ್ಲಿ. ಅದು ಜಗತ್ತಿನಿಂದ ಹೋಗಿಲ್ಲ. ಎರಡಕ್ಕೂ ನಿರ್ಮೂಲನೆ ಅನ್ನುತ್ತೇವೆ. ಹಾಗಾಗಿ 'ಭಾರತದಲ್ಲಿ' ಅನ್ನುವ ಮಾತನ್ನು ಪೋಲಿಯೋ ಮುಂದೆ ಮರೆಯದೆ ಹಾಕಿ.

ಆರಿದ್ದು, ನಂದಿದ್ದು, ಮಲಗಿದ್ದು

ಬೆಂಕಿ ಆರುತ್ತದೆ, ನಂದುತ್ತದೆ. ನಾವು ಆರಿಸುತ್ತೇವೆ, ನಂದಿಸುತ್ತೇವೆ. ಆ ಕೆಂಪು ಸಿಲಿಂಡರಿಗೆ 'ಬೆಂಕಿ ಆರಿಸುವ ಸಾಧನ' ಅಂತ ಬರೆದರೆ ಕಾವಲುಗಾರನಿಗೂ ತಿಳಿಯುತ್ತದೆ. 'ಅಗ್ನಿಶಾಮಕ' ಎಲ್ಲರಿಗೂ ಪರಿಚಿತ, ಅದೂ ಸರಿ. ಆದರೆ ಅವಘಡದ ಹೊತ್ತಿನಲ್ಲಿ ಓದಬೇಕಾದ ಫಲಕ ಸುಲಭವಾಗಿದ್ದಷ್ಟೂ ಒಳ್ಳೆಯದು.

ದೇವರ ದೀಪಕ್ಕೆ ಮಾತ್ರ ಇದೂ ಸಲ್ಲದು. 'ದೀಪ ಆರಿಸು' ಅಂದರೆ ನಮ್ಮಜ್ಜಿ ಗದರುತ್ತಿದ್ದರು. 'ದೀಪ ಶಾಂತ ಮಾಡು' ಅನ್ನಬೇಕು. ಕೆಲವು ಮನೆಗಳಲ್ಲಿ 'ದೊಡ್ಡದು ಮಾಡು' ಅನ್ನುತ್ತಾರೆ. ಬಳೆ ಒಡೆದರೆ 'ಹೆಚ್ಚಿತು' ಅನ್ನುವ ಹಾಗೆ. ಮುಗಿಯಿತು ಎಂದು ಬಾಯಿಬಿಟ್ಟು ಹೇಳಲು ನಮಗೆ ಮನಸ್ಸೇ ಬರುವುದಿಲ್ಲ.

ಜ್ವಾಲಾಮುಖಿಗೆ ಪಠ್ಯಗಳಲ್ಲಿ 'ಸುಪ್ತ' ಮತ್ತು 'ಲುಪ್ತ' ಎಂಬ ಜೋಡಿ ಕಾಣುತ್ತದೆ. ಒಂದು ಅಕ್ಷರದ ವ್ಯತ್ಯಾಸ. ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಇಲ್ಲಿ ಅಂಕ ಕಳೆದುಕೊಂಡಿದ್ದಾರೋ! ಸುಪ್ತ ಎಂದರೆ ಮಲಗಿದೆ, ಏಳಬಹುದು. ಲುಪ್ತ ಎಂದರೆ ಲೋಪವಾಗಿದೆ, ನಮ್ಮ ಲೋಪಸಂಧಿಯ ಲೋಪ. ಊರು, ಊರು ಸೇರಿ ಊರೂರು ಆದಾಗ ಒಂದು ಉಕಾರ ಹೋಗುತ್ತದಲ್ಲ, ಹಾಗೆ. ನನಗೆ 'ಮಲಗಿದ' ಮತ್ತು 'ಆರಿದ' ವಾಸಿ. ಆರಿದ ಕಾಫಿ ಅನ್ನುತ್ತೇವೆ, ಆರಿದ ಒಲೆ ಅನ್ನುತ್ತೇವೆ. ಬೆಂಕಿಯೂ ಇಲ್ಲ, ಬಿಸಿಯೂ ಇಲ್ಲ. ಕಿಲಿಮಂಜಾರೋದಲ್ಲಿ ಮೂರು ಶಿಖರಗಳು. ಶಿರಾ, ಮಾವೆಂಜಿ ಆರಿದವು. ಎಲ್ಲಕ್ಕಿಂತ ಎತ್ತರದ ಕಿಬೋ ಮಲಗಿದೆ. ಚಾರ್ಟಿನಲ್ಲಿ ಇಡೀ ಬೆಟ್ಟವನ್ನು ಅಳಿಸಿದ್ದಳು ಹುಡುಗಿ.

ಬೆಳಕು, ಸಾಲ, ನಾಯಿ

ಇವು ಚಾರ್ಟಿನಲ್ಲಿ ಇರಲಿಲ್ಲ, ಆಮೇಲೆ ಸೇರಿಸಿದೆವು. ಖಗೋಳದವರು ಈ ಇಂಗ್ಲಿಷ್ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ನಕ್ಷತ್ರದ ಬೆಳಕು ದಾರಿಯಲ್ಲಿ ಧೂಳಿಗೆ ಸಿಕ್ಕಿ ಕಡಿಮೆಯಾಗಿ ಬರುತ್ತದೆ. ಅದು ಅಳಿವೂ ಅಲ್ಲ, ಆರುವುದೂ ಅಲ್ಲ. 'ಬೆಳಕು ಕುಂದುವುದು'. ನಕ್ಷತ್ರ ಚೆನ್ನಾಗಿಯೇ ಇರುತ್ತದೆ. ಮುಳುಗುವ ಸೂರ್ಯನನ್ನು ಬರಿಗಣ್ಣಿಗೆ ಮಂದವಾಗಿ, ಕೆಂಪಾಗಿ ಕಾಣಿಸುವುದೂ ಇಂಥದ್ದೇ ಕುಂದು. ಅಲ್ಲಿ ಧೂಳಿನ ಜೊತೆ ನಮ್ಮ ಗಾಳಿಯೂ ಸೇರಿಕೊಳ್ಳುತ್ತದೆ.

ಕೋರ್ಟಿನ ಕಾಗದದಲ್ಲಿ ಸಾಲ 'ತೀರುತ್ತದೆ', ಹಕ್ಕು 'ಇಲ್ಲವಾಗುತ್ತದೆ'. ಇಲ್ಲೊಂದು ಸೂಕ್ಷ್ಮ ಇದೆ. 1963ರ ಕಾಲಮಿತಿ ಕಾಯ್ದೆಯ 27ನೇ ಕಲಂ ಪ್ರಕಾರ, ನಿಮ್ಮ ಜಾಗವನ್ನು ಇನ್ನೊಬ್ಬ ತನ್ನದೇ ಅಂತ ಹಿಡಿದು ಕೂತಿದ್ದರೂ 12 ವರ್ಷ ದಾವೆ ಹೂಡದಿದ್ದರೆ ಜಾಗದ ಮೇಲಿನ ಹಕ್ಕೇ ಹೋಗುತ್ತದೆ. ಕೈಸಾಲದ ಅವಧಿ ಮೀರಿದರೆ ಹಾಗಲ್ಲ. ದಾವೆ ಹೂಡುವ ದಾರಿ ಮುಚ್ಚುತ್ತದೆ, ಸಾಲ ಸಾಲವಾಗಿಯೇ ಉಳಿಯುತ್ತದೆ. ಅದಕ್ಕೆ 'ಸಾಲ ತೀರಿತು' ಅಂತ ಬರೆದರೆ ಕೊಟ್ಟವನಿಗೆ ಅನ್ಯಾಯ.

ಮನಶ್ಶಾಸ್ತ್ರದಲ್ಲಿ ಪಾವ್ಲೋವ್‌ನ ನಾಯಿ ಬರುತ್ತದೆ. ಗಂಟೆಯ ಜೊತೆ ಊಟ ಕೊಟ್ಟು ಕೊಟ್ಟು ಅಭ್ಯಾಸ ಮಾಡಿಸಿದರೆ, ಗಂಟೆ ಕೇಳಿದರೆ ಸಾಕು ಜೊಲ್ಲು ಸುರಿಯುತ್ತದೆ. ಆಮೇಲೆ ಬರೀ ಗಂಟೆ ಬಾರಿಸಿ ಊಟ ಕೊಡದೇ ಹೋದರೆ ಜೊಲ್ಲು ನಿಲ್ಲುತ್ತಾ ಬರುತ್ತದೆ. ಇದಕ್ಕೂ ಅದೇ ಇಂಗ್ಲಿಷ್ ಪದ. ಆದರೆ ಕೆಲವು ದಿನ ಬಿಟ್ಟು ಗಂಟೆ ಬಾರಿಸಿದರೆ ಮತ್ತೆ ಜೊಲ್ಲು ಬರುತ್ತದೆ! ನಮ್ಮ ಬೀದಿ ಕೊನೆಯ ಟೀ ಅಂಗಡಿಯಲ್ಲಿ ಇದನ್ನು ನೋಡಿದ್ದೇನೆ. ಬಿಸ್ಕತ್ತು ಹಾಕುತ್ತಿದ್ದವರು ಮನೆ ಬದಲಾಯಿಸಿದರು. ನಾಯಿ ಒಂದು ವಾರ ಕಾದು ಬಿಟ್ಟುಬಿಟ್ಟಿತು. ಎರಡು ತಿಂಗಳ ಮೇಲೆ ಅವರ ಸ್ಕೂಟರ್ ಸದ್ದಾದದ್ದೇ ತಡ, ಬಾಲ ಅಲ್ಲಾಡಿಸುತ್ತಾ ಹಾಜರು. ಅದರ ಅಭ್ಯಾಸ ಅಳಿದಿರಲಿಲ್ಲ, 'ಅಡಗಿತ್ತು'. ಅಡಗು ಎಂದರೆ ಕಡಿಮೆಯಾಗು ಅಂತಲೂ ಹೌದು, ಬಚ್ಚಿಟ್ಟುಕೊ ಅಂತಲೂ ಹೌದು. ಇಷ್ಟು ಸರಿಯಾಗಿ ಕೂರುವ ಮಾತು ಇಂಗ್ಲಿಷಿನಲ್ಲೂ ಇಲ್ಲ ಅನ್ನಿಸುತ್ತದೆ.

ಕೊನೆಗೆ ಹಳೆಗನ್ನಡ

ಅಂಡಮಾನಿನಲ್ಲಿ ಬೋ ಎಂಬ ನುಡಿ ಇತ್ತು. ಅದನ್ನು ಆಡುತ್ತಿದ್ದ ಕೊನೆಯ ಹೆಂಗಸು, ಬೋವಾ ಸೀನಿಯರ್ ಅಂತ ಜನ ಕರೆಯುತ್ತಿದ್ದವರು, 2010ರಲ್ಲಿ ತೀರಿಕೊಂಡರು. ಆ ನುಡಿಗೆ ಅಳಿವು ಅನ್ನಬಹುದು. ಮಾರ್ಥಾ ಹಕ್ಕಿಯ ಹಾಗೆ ಒಬ್ಬರ ಸಾವು, ಒಂದರ ಅಳಿವು. ಹಳೆಗನ್ನಡ ಹಾಗೆ ಹೋಗಲಿಲ್ಲ. ಯಾರೋ ಒಬ್ಬ ಕೊನೆಯ ಹಳೆಗನ್ನಡಿಗ ಸತ್ತ ದಿನ ಅಂತ ಇಲ್ಲ. ಅಜ್ಜಿ ಆಡಿದ್ದನ್ನು ಮೊಮ್ಮಗಳು ಕೊಂಚ ಬೇರೆಯಾಗಿ ಆಡುತ್ತಾ ಆಡುತ್ತಾ ಅದೇ ಇದಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು. ಇದಕ್ಕೆ 'ಬದಲಾಯಿತು' ಅನ್ನುವುದು ಬಿಟ್ಟು ಬೇರೆ ಮಾತೇ ಬೇಕಿಲ್ಲ.

ಅಣ್ಣನ ಮಗಳು ಅಷ್ಟಕ್ಕೆ ಬಿಡಲಿಲ್ಲ. "ಏನೂ ಹೋಗಲೇ ಇಲ್ವಾ ಅತ್ತೆ?"

ಹೋಯಿತು ಅಂದೆ. ಕಾಗದದ ಮೇಲೆ ೞ ಅಂತ ಬರೆದು ತೋರಿಸಿದೆ. ಅವಳು ನೋಡಿರಲಿಲ್ಲ. ಹಳೆಗನ್ನಡದಲ್ಲಿ ಇದ್ದ ಅಕ್ಷರ. ಬಾಳು ಅಂತ ನಾವು ಬರೆಯುವುದು ಆಗ ಬಾೞ್. ಮಳೆ ಮೞೆ. ಆಮೇಲೆ ಆ ಉಚ್ಚಾರ ನಾಲಿಗೆಯಿಂದ ಜಾರಿತು, ಅಕ್ಷರವೂ ಹಿಂದೆಯೇ ಹೋಯಿತು. ಈ ಅಳಿ ಎಂಬ ಮಾತೇ ಆಗ ಅೞಿ ಆಗಿತ್ತು.

ಅವಳು ಒಂದು ಗಳಿಗೆ ಸುಮ್ಮನೆ ನೋಡಿದಳು. "ಅಳಿವು ಅನ್ನೋ ಮಾತಿನೊಳಗಿನ ಅಕ್ಷರವೇ ಅಳಿದುಹೋಗಿದೆಯಾ?"

ಹಾಗಂತ ಬರೆಯೋಣ ಅಂತಿದ್ದೆ. ಅಷ್ಟರಲ್ಲಿ ನನ್ನ ಪ್ರಶ್ನೆ ನನಗೇ ತಿರುಗಿತು. ಎಲ್ಲ ಕಡೆಯಿಂದ ಹೋಯಿತಾ? ತಮಿಳರು, ಮಲಯಾಳಿಗಳು ಆ ಉಚ್ಚಾರವನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ತಮಿಳ್ ಅಂತ ಅವರು ತಮ್ಮ ನುಡಿಯ ಹೆಸರು ಹೇಳುವಾಗ ಕೊನೆಗೆ ಕೇಳಿಸುವುದು ಅದೇ. ಅವಳಿಗೂ ಇದನ್ನು ಹೇಳಿದೆ.

"ಹಾಗಾದ್ರೆ ಇದು ಸಿವಂಗಿ ಥರ" ಅಂದಳು. ಸ್ಕೆಚ್ ಪೆನ್ ತೆಗೆದುಕೊಂಡು ಚಾರ್ಟಿನ ಮೂಲೆಯಲ್ಲಿ ದೊಡ್ಡದಾಗಿ ೞ ಬರೆದಳು. ಅದರ ಕೆಳಗೆ: 'ಕನ್ನಡದಿಂದ ಕಣ್ಮರೆ. ಪಕ್ಕದ ರಾಜ್ಯದಲ್ಲಿ ಇದೆ.'